ಸೆಟ್ಟಿಂಗ್‌ನಲ್ಲಿ ಸ್ಪೇಸ್ ಇದ್ದರೂ ಟ್ಯಾಬ್ ಯಾಕೆ ಬೀಳುತ್ತಿದೆ?

ಪ್ರಶ್ನೆ: ಗಂಗಾವತಿ ಹುಡುಗ

ನಮಸ್ಕಾರ. ಇಲ್ಲಿ ಒಂದು ರೈಸ್ ಮಿಲ್ಲಿನ ಲೆಕ್ಕ ನೋಡಿಕೊಳ್ಳುತ್ತೇನೆ. ಭತ್ತದ ಲಾರಿ ಕಾಟಾ ಮೇಲೆ ಬಂದಾಗ ಖಾಲಿ ಲಾರಿಯ ತೂಕ, ಚೀಲದ ತೂಕ ಕಳೆದು ಚೀಟಿ ಮಾಡುವ ಪೈಥಾನ್ ಪ್ರೋಗ್ರಾಮ್ ಇದೆ. ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ತೇವ ಜಾಸ್ತಿ ಇದ್ದರೆ ತೂಕ ಕಡಿಮೆ ಮಾಡಲು ಎರಡು ಸಾಲು ಸೇರಿಸಿದೆ, ಈಗ 'ಟ್ಯಾಬ್ ಎರರ್' ಅಂತ ನಿಂತುಬಿಡುತ್ತದೆ. ಕಣ್ಣಿಗೆ ಸಾಲುಗಳು ನೇರವಾಗಿಯೇ ಇವೆ. ಕೋಡ್ ಬರೆಯುವ ವಿಎಸ್ ಕೋಡ್ ಎಡಿಟರ್‌ನಲ್ಲಿ ಇನ್ಸರ್ಟ್ ಸ್ಪೇಸಸ್ (ಟ್ಯಾಬ್ ಕೀ ಒತ್ತಿದರೂ ಸ್ಪೇಸ್ ಹಾಕುವ ಸೆಟ್ಟಿಂಗ್) ಆನ್ ಇದೆ. ಆದರೂ ಈ ಫೈಲ್ ತೆರೆದರೆ ಕೆಳಗಿನ ಪಟ್ಟಿಯಲ್ಲಿ 'ಟ್ಯಾಬ್ ಸೈಜ್: 4' ಅನ್ನುತ್ತದೆ. ಕೊಯ್ಲು ಶುರುವಾಗಿದೆ, ಲಾರಿಗಳು ಕಾಯುತ್ತಿವೆ. ಯಾರಾದರೂ ಹೇಳಿ.

ಉತ್ತರ: ರಾಯಚೂರು ಮೇಷ್ಟ್ರು

ತಮ್ಮಾ, ಇದು 'ಡಿಟೆಕ್ಟ್ ಇಂಡೆಂಟೇಶನ್' ಕೆಲಸ. ಇಂಡೆಂಟೇಶನ್ ಅಂದರೆ ಸಾಲಿನ ಶುರುವಿನಲ್ಲಿ ಬಿಡುವ ಜಾಗ. ವಿಎಸ್ ಕೋಡ್‌ನಲ್ಲಿ ಅದು ಮೊದಲಿನಿಂದಲೇ ಆನ್ ಇರುತ್ತದೆ. ಫೈಲ್ ತೆರೆದ ಕೂಡಲೇ ಒಳಗೆ ಟ್ಯಾಬ್ ಜಾಸ್ತಿಯೋ ಸ್ಪೇಸ್ ಜಾಸ್ತಿಯೋ ನೋಡಿ, ಆ ಫೈಲಿನ ಮಟ್ಟಿಗೆ ನಿಮ್ಮ ಸೆಟ್ಟಿಂಗ್ ಪಕ್ಕಕ್ಕಿಡುತ್ತದೆ. ನಿಮ್ಮ ಫೈಲಿನಲ್ಲಿ ಟ್ಯಾಬ್ ಜಾಸ್ತಿ ಇದೆ. ಆದರೆ ನೀವು ಕೈ ಹಾಕಿದ ಫಂಕ್ಷನ್ (ಒಂದು ಕೆಲಸಕ್ಕೆ ಬರೆದ ಕೋಡಿನ ಭಾಗ) ಸ್ಪೇಸ್‌ನಲ್ಲಿದೆ ಅಂತ ಕಾಣುತ್ತದೆ. ಹಾಗಾಗಿ ನಿಮ್ಮ ಎರಡು ಸಾಲು ಮಾತ್ರ ಟ್ಯಾಬ್ ಆಗಿ ಬಿದ್ದಿವೆ.

ಮೊದಲು ಹೇಗೆ ಓಡುತ್ತಿತ್ತು ಅಂತ ಕೇಳಬಹುದು. ಒಂದು ಫಂಕ್ಷನ್ ಪೂರ್ತಿ ಟ್ಯಾಬ್, ಇನ್ನೊಂದು ಪೂರ್ತಿ ಸ್ಪೇಸ್ ಇದ್ದರೆ ಪೈಥಾನ್ 3 ಸುಮ್ಮನಿರುತ್ತದೆ. ಒಂದೇ ಬ್ಲಾಕಿನೊಳಗೆ ಎರಡೂ ಬೆರೆತು, ಟ್ಯಾಬ್ ಎಷ್ಟು ಅಗಲ ಅಂತ ಊಹಿಸಬೇಕಾಗಿ ಬಂದರೆ ಒಪ್ಪುವುದಿಲ್ಲ. ಒಪ್ಪದಿರುವುದೇ ಸರಿ ಅಂತ ನನ್ನ ಅಭಿಪ್ರಾಯ. ರೈತರ ತೂಕದ ಲೆಕ್ಕದಲ್ಲಿ ಒಂದು ಸಾಲು ತಪ್ಪು 'ಇಫ್' (ಷರತ್ತು) ಒಳಗೆ ಸೇರಿದರೆ ನಷ್ಟ ಯಾರಿಗೆ ಹೇಳಿ?

ವ್ಯೂ ಮೆನುವಿನ ಅಪಿಯರೆನ್ಸ್‌ನಲ್ಲಿ 'ರೆಂಡರ್ ವೈಟ್‌ಸ್ಪೇಸ್' ಆನ್ ಮಾಡಿ. ಟ್ಯಾಬ್ ಬಾಣದಂತೆ, ಸ್ಪೇಸ್ ಚುಕ್ಕಿಯಂತೆ ಕಾಣುತ್ತದೆ. ಆಮೇಲೆ ಕೆಳಗಿನ 'ಟ್ಯಾಬ್ ಸೈಜ್' ಒತ್ತಿ 'ಕನ್ವರ್ಟ್ ಇಂಡೆಂಟೇಶನ್ ಟು ಸ್ಪೇಸಸ್' ಆರಿಸಿ. ಅಲ್ಲೇ 'ಇಂಡೆಂಟ್ ಯೂಸಿಂಗ್ ಸ್ಪೇಸಸ್' ಅಂತಲೂ ಇದೆ, ಅದು ಸಾಕಾಗುವುದಿಲ್ಲ. ಮುಂದೆ ಟೈಪ್ ಮಾಡುವುದಕ್ಕೆ ಮಾತ್ರ ಅದು ಅನ್ವಯ, ಹಳೆ ಸಾಲು ಹಾಗೇ ಉಳಿಯುತ್ತವೆ.

ಉತ್ತರ: ಬಳ್ಳಾರಿ ದೇವ್

ಡಿಟೆಕ್ಟ್ ಇಂಡೆಂಟೇಶನ್ ಆಫ್ ಮಾಡಿಬಿಡಿ, ಮುಗಿಯಿತು.

ಉತ್ತರ: ರಾಯಚೂರು ಮೇಷ್ಟ್ರು

ಬೇಡ ಅಣ್ಣಾ. ಆಫ್ ಮಾಡಿದರೆ ನಾಳೆ ಪೂರ್ತಿ ಟ್ಯಾಬ್‌ನಲ್ಲಿ ಬರೆದ ಬೇರೆ ಪೈಥಾನ್ ಫೈಲ್ ತೆರೆದಾಗ ಸ್ಪೇಸ್ ಬೀಳಬಹುದು, ಅಲ್ಲೂ ಎರಡೂ ಬೆರೆಯುತ್ತವೆ. ಪ್ರಾಜೆಕ್ಟ್ ಫೋಲ್ಡರಿನಲ್ಲಿ ಒಂದು ಎಡಿಟರ್‌ಕಾನ್ಫಿಗ್ ಫೈಲ್ ಇಡುವುದು ಒಳ್ಳೆಯದು. ಪೈಥಾನ್‌ಗೆ 4 ಸ್ಪೇಸ್, ಮೇಕ್‌ಫೈಲ್‌ಗೆ ('ಮೇಕ್' ಟೂಲಿಗೆ ಕಮಾಂಡ್ ಬರೆದಿಡುವ ಫೈಲ್, ಅಲ್ಲಿ ಕಮಾಂಡ್ ಸಾಲಿಗೆ ಟ್ಯಾಬೇ ಬೇಕು) ಟ್ಯಾಬ್ ಅಂತ ಬರೆದಿಡಿ. ವಿಎಸ್ ಕೋಡ್‌ನಲ್ಲಿ ಅದಕ್ಕೊಂದು ಎಕ್ಸ್‌ಟೆನ್ಶನ್ ಹಾಕಬೇಕು. ಮುಂದೆ ಆ ಕುರ್ಚಿಗೆ ಯಾರೇ ಬಂದರೂ ಅವರಿಗೂ ಅದೇ ನಿಯಮ ಸಿಗುತ್ತದೆ.

ಗಂಗಾವತಿ ಹುಡುಗ

ಸರ್, ನೀವು ಹೇಳಿದ ಹಾಗೇ ಇತ್ತು. ಆ ಫಂಕ್ಷನ್‌ನಲ್ಲಿ ಚುಕ್ಕಿಗಳ ನಡುವೆ ನನ್ನ ಎರಡು ಸಾಲಿಗೆ ಮಾತ್ರ ಬಾಣ. ಕನ್ವರ್ಟ್ ಮಾಡಿದೆ, ಚೀಟಿ ಬರುತ್ತಿದೆ. ಗಿಟ್‌ನಲ್ಲಿ (ಫೈಲಿನ ಬದಲಾವಣೆ ದಾಖಲಿಸುವ ಟೂಲ್) ಮಾತ್ರ ಸುಮಾರು ಇಡೀ ಫೈಲ್ ಬದಲಾದಂತೆ ತೋರಿಸುತ್ತಿದೆ.

ಉತ್ತರ: ರಾಯಚೂರು ಮೇಷ್ಟ್ರು

ಅದು ಸಹಜ, ಉಳಿದ ಫಂಕ್ಷನ್‌ಗಳ ಟ್ಯಾಬ್‌ಗಳೂ ಸ್ಪೇಸ್ ಆದವಲ್ಲ. ಸ್ಪೇಸ್ ಬದಲಾವಣೆ ಒಂದು ಕಮಿಟ್ (ಗಿಟ್‌ನಲ್ಲಿ ಉಳಿಸುವ ಒಂದು ದಾಖಲೆ), ತೇವದ ಲೆಕ್ಕ ಇನ್ನೊಂದು ಕಮಿಟ್ ಮಾಡಿ. 'ಗಿಟ್ ಡಿಫ್' ಜೊತೆ ಡ್ಯಾಶ್ ಡಬ್ಲ್ಯೂ ಕೊಟ್ಟರೆ ನಿಜವಾಗಿ ಬದಲಾದ ಸಾಲು ಮಾತ್ರ ಕಾಣುತ್ತವೆ.