ಎಂ.ಜಿ. ರಸ್ತೆಯಲ್ಲಿ ತಳ್ಳುಗಾಡಿ ಬೇಕಾ, ಬೇಡವಾ? ಬೈಲಾ ಬರುವ ಮುಂಚೆ ಒಂದಿಷ್ಟು ಮಾತು

ವಾರ್ಡ್ ಸದಸ್ಯ:
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಬೀದಿ ಬದಿ ವ್ಯಾಪಾರದ ಬಗ್ಗೆ ಒಂದು ಬೈಲಾ, ಅಂದರೆ ನಗರಸಭೆಯ ಸ್ಥಳೀಯ ನಿಯಮದ ಕರಡನ್ನು ಮುಂದಿನ ಸಭೆಗೆ ತರಬೇಕು ಅಂತಿದ್ದೇನೆ. ಅಜೆಂಡಾಗೆ ಸೇರುವ ಮುಂಚೆಯೇ ನಿಮ್ಮ ಕಿವಿಗೆ ಹಾಕುತ್ತಿದ್ದೇನೆ. ಆಮೇಲೆ 'ನಮಗೆ ಹೇಳಲೇ ಇಲ್ಲ' ಅನ್ನಬೇಡಿ.

ಸದ್ಯಕ್ಕೆ ಬರೆದುಕೊಂಡಿರುವುದು ಇಷ್ಟು. ಎಂ.ಜಿ. ರಸ್ತೆಯಲ್ಲಿ ವ್ಯಾಪಾರದ ಗಾಡಿ ನಿಲ್ಲಿಸುವಂತಿಲ್ಲ. ಮಾರ್ಕೆಟ್ ರಸ್ತೆಯಲ್ಲಿ ಬೆಳಿಗ್ಗೆ 11 ಗಂಟೆವರೆಗೆ ಮಾತ್ರ. ಬೇರೆ ಕಡೆ ಗುರುತು ಹಾಕಿದ ಜಾಗದಲ್ಲೇ ನಿಲ್ಲಬೇಕು. ಕಸ, ನೀರು, ದೀಪಕ್ಕೆ ತಿಂಗಳಿಗೊಂದು ಶುಲ್ಕ. ಎಷ್ಟು ಅಂತ ಇನ್ನೂ ಯೋಚಿಸಿಲ್ಲ. ಸಭೆ ಒಪ್ಪಿದ ಕೂಡಲೇ ಜಾರಿಗೆ ಬರುವುದೂ ಇಲ್ಲ. ಪ್ರಕಟಿಸಿ ಆಕ್ಷೇಪಣೆ ಕೇಳಬೇಕು, ಸರ್ಕಾರದ ಒಪ್ಪಿಗೆ ಬೇಕು.

ಶನಿವಾರ, ಭಾನುವಾರ ಹನುಮಂತಪ್ಪ ವೃತ್ತ ದಾಟುವ ಪಾಡು ನಿಮಗೇ ಗೊತ್ತು. ಬೈಯುವವರು ಬೈಯಿರಿ, ಕಾರಣ ಹೇಳಿ ಬೈಯಿರಿ.

ಮಾರ್ಕೆಟ್ ರಸ್ತೆ ಅಂಗಡಿ:
ತಡವಾದರೂ ಒಳ್ಳೇ ಕೆಲಸ ಸರ್. ನಾನು ಬಾಡಿಗೆ ಕಟ್ಟುತ್ತೇನೆ, ಟ್ರೇಡ್ ಲೈಸೆನ್ಸ್ ಮಾಡಿಸುತ್ತೇನೆ, ಕರೆಂಟ್ ಬಿಲ್ಲು ಅಂಗಡಿ ರೇಟಿನಲ್ಲಿ ಕಟ್ಟುತ್ತೇನೆ. ನನ್ನ ಬಾಗಿಲ ಎದುರಿಗೇ ಒಂದು ಗಾಡಿ ನಿಲ್ಲುತ್ತದೆ. ನಾನು ಮಾರುವ ಈರುಳ್ಳಿಯನ್ನೇ ಕೆಜಿಗೆ ಐದು ರೂಪಾಯಿ ಕಡಿಮೆಗೆ ಕೊಡುತ್ತಾನೆ. ಬಾಡಿಗೆ ಇಲ್ಲದವನು ಕೊಡಬಲ್ಲ. ಗಿರಾಕಿ ಬೈಕಿನಿಂದ ಇಳಿಯದೆಯೇ ಅಲ್ಲಿ ಕೊಂಡು ಹೋಗುತ್ತಾನೆ, ನಾನು ನೋಡ್ತಾ ಕೂತಿರಬೇಕು. ಬಡವರ ಹೊಟ್ಟೆ ಮೇಲೆ ಹೊಡೀಬೇಡಿ ಅಂತ ಈಗ ಎಲ್ಲರೂ ಬರುತ್ತಾರೆ, ನೋಡ್ತಿರಿ. ಅಂಗಡಿಯವನಿಗೂ ಹೊಟ್ಟೆ ಇದೆ.

ಬೋರೆ ಹುಡುಗ:
ಬಂದೆ ಅಣ್ಣ.

ಸದಸ್ಯರೇ, ಶನಿವಾರ ಸಂಜೆ ಆ ವೃತ್ತದಲ್ಲಿ ನಿಂತು ಒಮ್ಮೆ ಎಣಿಸಿ. ಚುರುಮುರಿ ಗಾಡಿ ಎಷ್ಟು, ಮುಳ್ಳಯ್ಯನಗಿರಿ ನೋಡಿ ಇಳಿದು ಬಂದ ಕಾರು ಎಷ್ಟು? ಒಂದು ಕಾರು ನಿಲ್ಲುವ ಜಾಗದಲ್ಲಿ ಎರಡು ಗಾಡಿ ನಿಲ್ಲುತ್ತವೆ, ಎರಡು ಸಂಸಾರ ನಡೆಯುತ್ತದೆ. ಕಾರಿನವರು ಒಳಗೆ ಕೂತು ನಿಧಾನಕ್ಕೆ ಕಾಫಿ ಕುಡಿಯುತ್ತಾರೆ. ಹೊರಗೆ ರಸ್ತೆ ಅರ್ಧ ಆಗಿರುತ್ತದೆ. ಸಖರಾಯಪಟ್ಟಣದ ರುಕ್ಮಾಂಗದ ಕಿರಿಮಗಳಿಗೆ ಈ ಊರನ್ನು ಬಳುವಳಿ ಕೊಟ್ಟ ಅಂತ ಕಥೆ ಇದೆಯಲ್ಲ, ಪಾರ್ಕಿಂಗಿಗೆ ಜಾಗ ಬಿಡೋದು ಮರೆತ ಅನ್ಸುತ್ತೆ.

ನಿವೃತ್ತ ಮೇಷ್ಟ್ರು:
ಗಾಡಿ ತಪ್ಪೋ ಕಾರು ತಪ್ಪೋ ನೀವು ಜಗಳ ಆಡಿಕೊಳ್ಳಿ. ನನಗೆ ಎಪ್ಪತ್ತೆರಡು ವರ್ಷ. ನಡೆಯಲು ಫುಟ್‌ಪಾತ್ ಬೇಕು, ಅಷ್ಟೇ. ಕಳೆದ ಮಳೆಗಾಲದಲ್ಲಿ ಎಡವಿ ಬಿದ್ದು ಮೂರು ವಾರ ಮನೆಯಲ್ಲಿ ಕೂತೆ. ಎಡವಿದ್ದು ಗಾಡಿಯ ಚಕ್ರಕ್ಕಲ್ಲ. ಒಂದು ಬಟ್ಟೆ ಅಂಗಡಿಯವರು ಫುಟ್‌ಪಾತಿಗೆ ಇಳಿಸಿ ನಿಲ್ಲಿಸಿದ್ದ ಗೊಂಬೆಯ ಕಬ್ಬಿಣದ ಪಾದಕ್ಕೆ. ಸೀರೆ ಉಟ್ಟಿತ್ತು. ಬೀಳುವ ಮುಂಚೆ ಅದಕ್ಕೆ 'ಕ್ಷಮಿಸಮ್ಮಾ' ಅಂದೆ, ಆ ಮಾತು ಬೇರೆ.

ಬೈಲಾದಲ್ಲಿ ಗೊಂಬೆಯ ವಿಷಯ ಇದೆಯಾ ಸದಸ್ಯರೇ?

ಮಾರ್ಕೆಟ್ ರಸ್ತೆ ಅಂಗಡಿ:
ಮೇಷ್ಟ್ರೇ, ನಿಮಗೆ ಪೆಟ್ಟಾಗಿದ್ದು ಕೇಳಿ ಬೇಜಾರಾಯ್ತು. ಆದರೆ ಎದುರಿಗೆ ಗಾಡಿ ನಿಂತು ಅಂಗಡಿ ಮರೆಯಾದಾಗ ನಾವೂ ಎರಡಡಿ ಮುಂದಕ್ಕೆ ಬರುತ್ತೇವೆ. ಇಲ್ಲದಿದ್ದರೆ ಅಂಗಡಿ ಇದೆ ಅಂತಲೇ ಗೊತ್ತಾಗಲ್ಲ. ಅವರು ಹೋದರೆ ನಾವೂ ಹಿಂದೆ ಸರಿಯುತ್ತೇವೆ.

ಬೋರೆ ಹುಡುಗ:
ಅಣ್ಣ, ಗಾಡಿಯೇ ಇಲ್ಲದ ಬೀದಿಗಳಲ್ಲೂ ಬಕೆಟ್, ಚೇರು, ಗ್ಯಾಸ್ ಸ್ಟೌ ಎಲ್ಲ ಫುಟ್‌ಪಾತಿನ ಮೇಲೇ ಇವೆ. ಅವು ಯಾರಿಗೆ ಹೆದರಿ ಹೊರಗೆ ಬಂದವು?

ಕಪ್ಪು ಕೋಟು:
ನಾನು ವಕೀಲೆ. ಕರಡನ್ನು ಬರೆಯುವ ಮುಂಚೆ ಸದಸ್ಯರು 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯನ್ನು ಒಮ್ಮೆ ಓದಬೇಕು. ಅದು ಕೇಂದ್ರದ ಕಾಯ್ದೆ, ಆ ವರ್ಷದ ಮೇ 1ರಿಂದ ಜಾರಿಯಲ್ಲಿದೆ. ನಗರಸಭೆಯ ಬೈಲಾ ಅದನ್ನು ಮೀರುವಂತಿಲ್ಲ.

ನಿಮ್ಮ ಮೊದಲ ಅಂಶವೇ ತಪ್ಪು ಕಾಗದದಲ್ಲಿದೆ. ಯಾವ ರಸ್ತೆಯಲ್ಲಿ ಮಾರಬಹುದು, ಎಲ್ಲಿ ಮಾರಬಾರದು ಅನ್ನುವುದನ್ನು ಬೈಲಾದಲ್ಲಿ ಒಂದು ಸಾಲು ಬರೆದು ತೀರ್ಮಾನಿಸಲು ಆಗಲ್ಲ. ಅದಕ್ಕೆ ಐದು ವರ್ಷಕ್ಕೊಮ್ಮೆ ಬೀದಿ ವ್ಯಾಪಾರದ ಯೋಜನೆ ಅಂತ ಬೇರೆಯೇ ಮಾಡಬೇಕು. ಅದಕ್ಕೆ ಪಟ್ಟಣ ವ್ಯಾಪಾರ ಸಮಿತಿ ಶಿಫಾರಸು ಮಾಡಬೇಕು. ಆ ಸಮಿತಿಗೆ ಪೌರಾಯುಕ್ತರು ಅಧ್ಯಕ್ಷರು. ಸದಸ್ಯರಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಆರಿಸಿ ಕಳಿಸಿದವರು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ತಿಂಗಳ ಶುಲ್ಕ, ವ್ಯಾಪಾರದ ಜಾಗದಲ್ಲಿ ವಾಹನ ಓಡಾಟ, ಸ್ವಚ್ಛತೆ ಇವೆಲ್ಲ ಬೈಲಾಗೆ ಸೇರಿದ ವಿಷಯ. ಅವನ್ನು ಬರೆಯಿರಿ, ಯಾರೂ ಬೇಡ ಅನ್ನಲ್ಲ.

ಇನ್ನೊಂದು. 'ಜನ ಜಾಸ್ತಿ, ಜಾಗ ಇಕ್ಕಟ್ಟು' ಅನ್ನುವ ಒಂದೇ ಕಾರಣಕ್ಕೆ ಒಂದು ರಸ್ತೆಯನ್ನು ನಿಷೇಧಿತ ವಲಯ ಮಾಡುವಂತಿಲ್ಲ. ಕಾಯ್ದೆಯ ಅನುಸೂಚಿಯಲ್ಲೇ ಹೀಗಿದೆ. ಅಲ್ಲಿ ಹೊಸಬರಿಗೆ ವ್ಯಾಪಾರದ ಪ್ರಮಾಣ ಪತ್ರ ಕೊಡುವುದನ್ನು ಬಿಗಿ ಮಾಡಬಹುದು. ವ್ಯಾಪಾರಿಗಳನ್ನು ಎಣಿಸುವ ಸಮೀಕ್ಷೆಯಲ್ಲಿ ಮೊದಲಿನಿಂದ ಮಾರುಕಟ್ಟೆ ಇದೆ ಅಂತ ಗುರುತಿಸಿದ ಜಾಗವನ್ನಂತೂ ನಿಷೇಧಿಸುವ ಹಾಗೇ ಇಲ್ಲ. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣ ಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸಿಕ್ಕ ಮೇಲೂ ಎಬ್ಬಿಸಲು 30 ದಿನದ ನೋಟಿಸ್ ಬೇಕು.

ಮಾರ್ಕೆಟ್ ರಸ್ತೆ ಅಂಗಡಿ:
ಅಂದರೆ ಅವರು ಎಲ್ಲಿ ಬೇಕಾದರೂ ನಿಲ್ಲಬಹುದು, ನಾವು ಬಾಯಿ ಮುಚ್ಚಿಕೊಂಡಿರಬೇಕು. ಇದೇನಾ ಮೇಡಂ ಕಾಯ್ದೆ?

ಕಪ್ಪು ಕೋಟು:
ಇಲ್ಲ ಅಣ್ಣ, ಹಾಗೆ ಹೇಳಿಲ್ಲ. 1989ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ಎರಡು ಮಾತು ಹೇಳಿದೆ. ಬೀದಿಯಲ್ಲಿ ಮಾರಿ ಬದುಕುವುದು ಹಕ್ಕು. ಆದರೆ 'ಇದೇ ಜಾಗ ನನ್ನದು' ಅನ್ನುವ ಹಕ್ಕು ಯಾರಿಗೂ ಇಲ್ಲ. ನಿಮ್ಮ ಬಾಗಿಲು ಮುಚ್ಚುವ ಹಾಗೆ ನಿಂತರೆ ಎರಡಡಿ ಆಚೆ ನಿಲ್ಲಿಸಿ ಅಂತ ನೀವು ಕೇಳಬಹುದು. ಪ್ರಮಾಣ ಪತ್ರ ಇಲ್ಲದೆ ಮಾರುವವರಿಗೆ, ಶರತ್ತು ಮೀರಿದವರಿಗೆ 2,000 ರೂಪಾಯಿವರೆಗೆ ದಂಡವೂ ಇದೆ. ಊರಿಗೆ ಎಷ್ಟು ಜನ ಅನ್ನುವುದಕ್ಕೂ ಮಿತಿ ಇದೆ, ಜನಸಂಖ್ಯೆಯ ಶೇ 2.5.

ಬೋರೆ ಹುಡುಗ:
2011ರ ಜನಗಣತಿಯಲ್ಲಿ ನಮ್ಮೂರು 1 ಲಕ್ಷ 18 ಸಾವಿರ ಚಿಲ್ಲರೆ. ಹಾಗಾದರೆ ಲೆಕ್ಕ 2,900 ದಾಟುತ್ತದೆ. ಮಿತಿ ಅಂದುಕೊಂಡಿದ್ದು ನೋಡಿದರೆ ಮೈದಾನದಷ್ಟಿದೆ!

ಸೊಪ್ಪಿನಮ್ಮನ ಮಗಳು:
ನಮಸ್ಕಾರ. ನಮ್ಮ ಅಮ್ಮ ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪು ಮಾರುತ್ತಾರೆ. ಇದನ್ನೆಲ್ಲ ಅವರಿಗೆ ಓದಿ ಹೇಳಿದೆ. '11 ಗಂಟೆ' ಅಂದ ಕೂಡಲೇ ಕೊತ್ತಂಬರಿ ಕಟ್ಟುತ್ತಿದ್ದ ಕೈ ನಿಲ್ಲಿಸಿದರು.

11 ಗಂಟೆ ಅಂದರೆ ಏನು ಅಂತ ಹೇಳುತ್ತೇನೆ ಸರ್. ಅಮ್ಮ ಏಳುವುದು ನಾಲ್ಕೂವರೆಗೆ. ಬೆಳಿಗ್ಗೆ ಬರುವ ಗಿರಾಕಿ ಜಾಸ್ತಿ ಹೋಟೆಲಿನವರು, ಮೆಸ್ಸಿನವರು. ಅವರು ಹತ್ತು ಹದಿನೈದು ಕಟ್ಟು ಒಟ್ಟಿಗೆ ಒಯ್ಯುತ್ತಾರೆ, ಚೌಕಾಸಿಯೂ ಹಾಗೇ ಇರುತ್ತದೆ. ಅದರಲ್ಲಿ ಅಸಲು ಬರುತ್ತದೆ. ಲಾಭ ಬರುವುದು ಸಂಜೆ. ಆಫೀಸು ಬಿಟ್ಟು ಮನೆಗೆ ಹೋಗುವವರು ಒಂದು ಕಟ್ಟು ದಂಟು, ಅರ್ಧ ಕಟ್ಟು ಸಬ್ಬಸಿಗೆ ಅಂತ ಚಿಲ್ಲರೆ ಕೊಟ್ಟು ಒಯ್ಯುತ್ತಾರಲ್ಲ, ಅದೇ ನಮ್ಮ ಮನೆಯ ಅಕ್ಕಿ. 11ಕ್ಕೆ ಎಬ್ಬಿಸಿದರೆ ಉಳಿದದ್ದು ದನಕ್ಕೆ.

ಅಮ್ಮ ಬೀದಿ ವ್ಯಾಪಾರಿಗಳಿಗೆ ಸಾಲ ಕೊಡುವ ಕೇಂದ್ರದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲು 10 ಸಾವಿರ ಸಾಲ ತೆಗೆದು ತೀರಿಸಿದರು. ಆಮೇಲೆ 20 ಸಾವಿರ ಸಿಕ್ಕಿತು, ಅದೂ ತೀರುತ್ತಾ ಬಂದಿದೆ. ಸಾಲ ಕೊಡುವಾಗ ವ್ಯಾಪಾರಿ, ಜಾಗ ಕೇಳುವಾಗ ಅಡ್ಡಿ. ಇದು ಹೇಗೆ ಸರ್?

ಶುಲ್ಕ ಕೊಡಲು ನಮಗೆ ತಕರಾರಿಲ್ಲ. ಆದರೆ ದಿನದ ಸುಂಕವನ್ನೂ ತಿಂಗಳ ಶುಲ್ಕವನ್ನೂ ಎರಡೂ ಕೇಳಬಾರದು. ಕೊಟ್ಟದ್ದಕ್ಕೆ ರಸೀದಿ ಬೇಕು. ಹೆಂಗಸರಿಗೆ ಹತ್ತಿರದಲ್ಲಿ ಒಂದು ಶೌಚಾಲಯ ಬೇಕು. ಅಮ್ಮ ಮಧ್ಯಾಹ್ನದವರೆಗೆ ನೀರೇ ಕುಡಿಯಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ನಿವೃತ್ತ ಮೇಷ್ಟ್ರು:
ತಂಗಿ, ನಾನು ಎಷ್ಟು ಸಲ ಆ ಸಾಲಿನಲ್ಲಿ ಸೊಪ್ಪು ಕೊಂಡಿದ್ದೇನೆ. ನೀರಿನ ವಿಷಯ ಒಂದು ದಿನವೂ ಹೊಳೆಯಲಿಲ್ಲ.

ಸೊಪ್ಪಿನಮ್ಮನ ಮಗಳು:
ಕಪ್ಪು ಕೋಟು ಅಕ್ಕ, ಒಂದು ಕೇಳಬೇಕಿತ್ತು. ಹಿಂದೆ ಬೇರೆ ಊರಿನಲ್ಲಿದ್ದಾಗ ಅಮ್ಮನ ಬುಟ್ಟಿ, ತಕ್ಕಡಿ ಎತ್ತಿಕೊಂಡು ಹೋಗಿದ್ದರು. ಮೂರನೇ ದಿನ ಬುಟ್ಟಿ ಕೊಟ್ಟರು. ಒಳಗಿದ್ದ ಪಾಲಕ್ ಕೊಳೆತು ನೀರಾಗಿತ್ತು. ಆಗ ಏನಾದರೂ ಕೇಳಬಹುದಿತ್ತಾ?

ಕಪ್ಪು ಕೋಟು:
ಕೇಳಬಹುದಿತ್ತು ತಂಗಿ. ಎತ್ತಿಕೊಂಡ ಸಾಮಾನಿಗೆ ಪಟ್ಟಿ ಕೊಡಬೇಕು. ಸೊಪ್ಪು, ಹಣ್ಣಿನಂಥ ಕೆಡುವ ಸಾಮಾನನ್ನು ಕೇಳಿದ ದಿನವೇ ವಾಪಸ್ ಕೊಡಬೇಕು. ತಕ್ಕಡಿಯಂಥದ್ದನ್ನು ಎರಡು ಕೆಲಸದ ದಿನದೊಳಗೆ. ಕಾಯ್ದೆ ಹೇಳಿದ್ದು ಇದೇ. ಬೈಲಾದಲ್ಲಿ ಇದನ್ನು ಮತ್ತೊಮ್ಮೆ ಬರೆದರೂ ನಷ್ಟವಿಲ್ಲ, ಸದಸ್ಯರೇ. ಗಾಡಿ ಎತ್ತಲು ಹೋಗುವವರು ಕಾಯ್ದೆ ಓದಿರಲ್ಲ, ಬೈಲಾ ಓದಿರುತ್ತಾರೆ.

ಆಲ್ದೂರು ಬಸ್ಸು:
ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ. ಸಮೀಕ್ಷೆಯ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಯಾವ ತಿಂಗಳು ಸಮೀಕ್ಷೆ ಮಾಡುತ್ತೀರಿ? ಬೇಸಿಗೆಯಲ್ಲಿ ಬಂದರೆ ಹಲಸಿನ ಹಣ್ಣಿನವರು ಸಿಗುತ್ತಾರೆ, ಮಳೆಗಾಲದ ಕಳಲೆ, ಅಣಬೆಯವರು ಸಿಗಲ್ಲ. ಅವರು ವರ್ಷಕ್ಕೆ ಆರೆಂಟು ವಾರ ಬಸ್ಸಿನಲ್ಲಿ ಚೀಲ ಹೊತ್ತು ಬರುವವರು. ಫುಟ್‌ಪಾತಿನ ಮೇಲೆ ಗೋಣಿ ಹಾಸಿ ಎರಡು ಗಂಟೆಯಲ್ಲಿ ಮಾರಿ ಮತ್ತೆ ಬಸ್ಸು ಹತ್ತುತ್ತಾರೆ. ಸಂತೆಗೆ ಲಕ್ಯಾ ಕಡೆಯಿಂದ ಬರುವ ತರಕಾರಿಯವರೂ ಹಾಗೇ. ಒಂದು ವಾರ ಎಣಿಸಿ ಪಟ್ಟಿ ಮುಚ್ಚಿದರೆ ಇವರಿಗೆಲ್ಲ ಪ್ರಮಾಣ ಪತ್ರ ಎಲ್ಲಿಂದ?

ಕಪ್ಪು ಕೋಟು:
ಒಳ್ಳೇ ಪ್ರಶ್ನೆ. ಕಾಯ್ದೆಯಲ್ಲಿ ತಿರುಗಾಡಿ ಮಾರುವವರೂ ವ್ಯಾಪಾರಿಗಳೇ. ಸಮೀಕ್ಷೆ ಮುಗಿದ ಮೇಲೂ ಹೊಸದಾಗಿ ಮಾರಬೇಕು ಅನ್ನುವವರು ಪ್ರಮಾಣ ಪತ್ರಕ್ಕೆ ಅರ್ಜಿ ಹಾಕಬಹುದು. ಆದರೆ ಕಳಲೆ ಮಾರುವ ಅಜ್ಜಿ ಅರ್ಜಿ ಹಿಡಿದು ಕಚೇರಿಗೆ ಹೋಗುತ್ತಾರಾ ಅಂದರೆ, ಇಲ್ಲ. ಎಣಿಸುವವರೇ ಎರಡು ಕಾಲದಲ್ಲಿ ಬರಬೇಕು.

ವಾರ್ಡ್ ಸದಸ್ಯ:
ಎಲ್ಲವನ್ನೂ ಎರಡು ಸಲ ಓದಿದೆ. ಎಂ.ಜಿ. ರಸ್ತೆಯ ನಿಷೇಧವನ್ನು ಕರಡಿನಿಂದ ತೆಗೆಯುತ್ತೇನೆ. ಮೇಡಂ ಹೇಳಿದ್ದು ಸರಿ, ಅದು ಸಮಿತಿಗೆ ಹೋಗಬೇಕಾದ ವಿಷಯ. ನಿಜ ಹೇಳಬೇಕಂದರೆ ಅದನ್ನು ಬರೆದದ್ದು ಜನ ಚಪ್ಪಾಳೆ ತಟ್ಟುತ್ತಾರೆ ಅಂತ.

11 ಗಂಟೆಯ ವಿಷಯವನ್ನು ಮಾತ್ರ ಪೂರ್ತಿ ಬಿಡಲು ಆಗಲ್ಲ. ಮಧ್ಯಾಹ್ನ ಸರಕಿನ ಲಾರಿಗಳು ಬರುವ ರಸ್ತೆ ಅದು, ಆಂಬುಲೆನ್ಸ್ ಬಂದರೂ ಸಿಕ್ಕಿಕೊಳ್ಳುತ್ತದೆ. ಮಧ್ಯಾಹ್ನ ಬಿಡುವು ಕೊಟ್ಟು ಸಂಜೆ 4ರಿಂದ ಮತ್ತೆ ಕೂರಬಹುದು ಅಂತ ಮಾಡಿದರೆ ಹೇಗೆ? ಆ ಹೊತ್ತಿಗೆ ಸಾಮಾನು ಇಡಲು ನೆರಳಿರುವ ಜಾಗ ಹುಡುಕಬೇಕು. ಶೌಚಾಲಯವನ್ನು ಶುಲ್ಕದ ಸಾಲಿನ ಪಕ್ಕದಲ್ಲೇ ಬರೆಯುತ್ತೇನೆ, ಅದು ಕಟ್ಟಿದ ಮೇಲೆಯೇ ಶುಲ್ಕ ಶುರು ಅಂತ. ರಸೀದಿಯೂ ಸೇರುತ್ತದೆ. ಮೇಷ್ಟ್ರೇ, ಗೊಂಬೆಗೆ ಬೇರೆ ಬೈಲಾ ಬೇಡ. ಫುಟ್‌ಪಾತ್ ಒತ್ತುವರಿ ತೆರವು ಮಾಡಲು ಈಗಲೇ ಅಧಿಕಾರ ಇದೆ. ಮಾಡಿಲ್ಲ ಅನ್ನುವುದು ನಮ್ಮ ತಪ್ಪು.

ಭಾನುವಾರ ಬೆಳಿಗ್ಗೆ ಐದೂವರೆಗೆ ಟೇಪು ಹಿಡಿದು ಮಾರ್ಕೆಟ್ ರಸ್ತೆಗೆ ಬರುತ್ತೇನೆ. ಯಾರು ಬರುತ್ತೀರಿ?

ಸೊಪ್ಪಿನಮ್ಮನ ಮಗಳು:
ಸರ್, ಐದೂವರೆ ಬೇಡ. ಆಗ ಆಟೋದಿಂದ ಚೀಲ ಇಳಿಸುತ್ತಿರುತ್ತಾರೆ, ನೀವು ಮಧ್ಯೆ ನಿಂತರೆ ಬೈಸಿಕೊಳ್ಳುತ್ತೀರಿ. ಎಂಟು ಗಂಟೆಗೆ ಬನ್ನಿ. ಮಧ್ಯಾಹ್ನದ ಬಿಡುವಿನ ಬಗ್ಗೆ ಅಮ್ಮನನ್ನು ಕೇಳಿದೆ. 'ಸಂಜೆ ಅದೇ ಜಾಗ ಸಿಗುತ್ತಾ ಕೇಳು' ಅಂದರು.

ನಿವೃತ್ತ ಮೇಷ್ಟ್ರು:
ನಾನೂ ಬರುತ್ತೇನೆ. ಕೋಲು ಹಿಡಿದುಕೊಂಡೇ ಬರುತ್ತೇನೆ.

ಮಾರ್ಕೆಟ್ ರಸ್ತೆ ಅಂಗಡಿ:
ಸಂಜೆ ನಾಲ್ಕು ಅಂದರೆ ನನ್ನ ವ್ಯಾಪಾರದ ಹೊತ್ತೂ ಅದೇ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ, ಆಕ್ಷೇಪಣೆ ಬರೆದೇ ಕೊಡುತ್ತೇನೆ. ಭಾನುವಾರ ಮಾತ್ರ ಬರುತ್ತೇನೆ. ನನ್ನ ಮೆಟ್ಟಿಲನ್ನೂ ಅಳೆಯಿರಿ ಸರ್, ಬೇಡ ಅನ್ನಲ್ಲ. ಆದರೆ ಪಕ್ಕದ ಅಂಗಡಿಯಿಂದ ಶುರು ಮಾಡಬೇಕು.