ಸಹಾಯ ಬೇಕು: ಸೋಲರೈಜ್ಡ್ ಡಾರ್ಕ್ ಥೀಮ್‌ನಲ್ಲಿ ಮಾಯವಾಗುವ ಅಕ್ಷರಗಳು

ಗೆಳೆಯರೇ, ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಬಣ್ಣಗಳ ಒಂದು ತೊಡಕನ್ನು ಬಿಡಿಸಿಕೊಡಿ.

ಲಿನಕ್ಸ್‌ನಲ್ಲಿ ಸೋಲರೈಜ್ಡ್ ಡಾರ್ಕ್ ಥೀಮ್ ಬಳಸುತ್ತೇನೆ. ಆ ಕಡುನೀಲಿ ಹಿನ್ನೆಲೆ ಕಣ್ಣಿಗೆ ಬಹಳ ಹಿತ, ಅದನ್ನು ಬಿಡುವ ಮನಸ್ಸಿಲ್ಲ. ಆದರೆ ಕಮಾಂಡ್‌ಗಳನ್ನು ಓದಿ ನಡೆಸುವ ಝಡ್ ಶೆಲ್‌ನಲ್ಲಿ (zsh) ಹಳೆಯ ಕಮಾಂಡ್‌ಗಳನ್ನು ಮಸುಕಾಗಿ ಸೂಚಿಸುವ ಪ್ಲಗಿನ್ ಹಾಕಿದರೆ ಸೂಚನೆ ಕಾಣುವುದೇ ಇಲ್ಲ. ಬಲಬಾಣದ ಕೀ ಒತ್ತಿದೊಡನೆ ಇಡೀ ಸಾಲು ದಿಢೀರನೆ ಪ್ರತ್ಯಕ್ಷವಾಗುತ್ತದೆ!

ಕಾರಣ ಗೊತ್ತಾಗಿದೆ. ಟರ್ಮಿನಲ್‌ನ 16 ಬಣ್ಣಗಳಿಗೆ 0ಯಿಂದ 15ರವರೆಗೆ ಸಂಖ್ಯೆಗಳಿವೆ. 8 ಎಂದರೆ ಬೂದು ಎಂದೇ ಎಷ್ಟೋ ತಂತ್ರಾಂಶಗಳು ನಂಬಿಕೊಂಡಿವೆ. ಸೋಲರೈಜ್ಡ್ ಡಾರ್ಕ್ ಥೀಮ್ 8ರ ಜಾಗದಲ್ಲಿ ಹಿನ್ನೆಲೆಯ ಬಣ್ಣವನ್ನೇ ಇಟ್ಟಿದೆ. ಪ್ಲಗಿನ್‌ಗೆ 10 ಎಂದು ಹೇಳಿದರೆ ಸೂಚನೆ ಕಾಣುತ್ತದೆ, ಏಕೆಂದರೆ ಈ ಥೀಮ್‌ನಲ್ಲಿ 10 ಹಸಿರಲ್ಲ, ಬೂದು. ಆದರೆ 8ನ್ನು ಬಳಸುವ ಉಪಕರಣಗಳನ್ನೆಲ್ಲ ಹೀಗೆ ಒಂದೊಂದಾಗಿ ತಿದ್ದುತ್ತ ಕೂರುವುದು ಮುಗಿಯದ ಕೆಲಸ. ಟರ್ಮಿನಲ್‌ನ ಪ್ಯಾಲೆಟ್‌ನಲ್ಲೇ 8ನ್ನು ಬೂದಾಗಿಸಿದರೆ ವಿಮ್ ಎಂಬ ಪಠ್ಯ ಸಂಪಾದಕ ಕೆಡುತ್ತದೆ: ಅದರ ಸೋಲರೈಜ್ಡ್ ಥೀಮ್ 16 ಬಣ್ಣಗಳಲ್ಲಿ ನಡೆಯುವಾಗ ಹಿನ್ನೆಲೆಗೆ 8ನ್ನೇ ಬಳಿಯುತ್ತದೆ.

ಹಾಗಾಗಿ ಪ್ಯಾಲೆಟ್ ಬದಲಿಸಿ, ವಿಮ್‌ಗೆ 24 ಬಿಟ್ ಬಣ್ಣ (ಪ್ಯಾಲೆಟ್‌ನ ಸಂಖ್ಯೆಯ ಬದಲು ಬಣ್ಣವನ್ನೇ ನೇರವಾಗಿ ಹೇಳುವ ವಿಧಾನ) ಕೊಡುವುದೇ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇದು ಸೊಗಸಾಗಿ ನಡೆಯುತ್ತಿದೆ. ತೊಂದರೆ ಇರುವುದು ಎಸ್‌ಎಸ್‌ಎಚ್ ಮೂಲಕ ಸರ್ವರ್‌ಗೆ ಹೋಗಿ ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಕಿಟಕಿಗಳನ್ನು ನಡೆಸುವ ತಂತ್ರಾಂಶ) ಒಳಗೆ ವಿಮ್ ತೆರೆದಾಗ. ಅಲ್ಲಿ ಬಣ್ಣಗಳು ಕಲಸಿಹೋಗುತ್ತವೆ. ಆ ಸರ್ವರ್‌ನಲ್ಲಿ ನನಗೆ ರೂಟ್ ಅಧಿಕಾರವಿಲ್ಲ, ನನ್ನ ಹೋಮ್ ಫೋಲ್ಡರ್‌ನ ಕಡತಗಳನ್ನಷ್ಟೇ ತಿದ್ದಬಲ್ಲೆ.

ಟಿಮಕ್ಸ್‌ಗೆ 24 ಬಿಟ್ ಬಣ್ಣದ ಬೆಂಬಲವನ್ನು ತಿಳಿಸುವ ಸಾಲನ್ನು ಹೇಗೆ ಬರೆಯಬೇಕು? ಟರ್ಮಿನಲ್‌ನ ಬಗೆಯನ್ನು ತಿಳಿಸುವ ಟರ್ಮ್ (TERM) ವೇರಿಯಬಲ್‌ಗೆ ಟಿಮಕ್ಸ್ ಒಳಗೆ ಯಾವ ಬೆಲೆ ಇರಬೇಕು? ಇದೇ ಜೋಡಣೆ ಬಳಸುವವರು ದಯವಿಟ್ಟು ನಿಮ್ಮ ಕಡತದ ಆ ಭಾಗವನ್ನು ಇಲ್ಲಿ ಹಾಕಿ.