ಎಸ್‌ಎಫ್‌2ನಿಂದ ಎಸ್‌ಎಫ್‌ಝಡ್‌ಗೆ: ಲೂಪ್ ಬಂದಾಗೆಲ್ಲ ‘ಟಪ್’, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೇ ಹಾರ್ಮೋನಿಯಂನ ಕಪ್ಪು-ಬಿಳಿ ಸೇರಿ 37 ಕೀಗಳನ್ನೂ ಒಂದೊಂದಾಗಿ ರೆಕಾರ್ಡ್ ಮಾಡಿ (48 ಕಿಲೋಹರ್ಟ್ಸ್, 24 ಬಿಟ್) ಎಸ್‌ಎಫ್‌2 ಫೈಲ್ (ಎಲ್ಲ ಸ್ವರಗಳ ರೆಕಾರ್ಡಿಂಗ್ ಒಂದೇ ಕಡೆ ಇರೋ ಸೌಂಡ್‌ಫಾಂಟ್) ಮಾಡಿಟ್ಟಿದ್ದೆ. ತಿದಿ ಒತ್ತಿ ಒತ್ತಿ ಕೈ ಬಿದ್ದೇಹೋಗಿತ್ತು, ಮತ್ತೆ ರೆಕಾರ್ಡ್ ಮಾಡು ಅಂತ ಮಾತ್ರ ಹೇಳಬೇಡಿ!

ಈಗ ಎಸ್‌ಎಫ್‌ಝಡ್‌ಗೆ (ನುಡಿಸೋ ಸೂಚನೆ ಒಂದು ಫೈಲ್‌ನಲ್ಲಿ, ಧ್ವನಿ ಬೇರೆ ವೇವ್ ಫೈಲ್‌ಗಳಲ್ಲಿ ಇರೋ ರೂಪ) ಎಕ್ಸ್‌ಪೋರ್ಟ್ ಮಾಡಿದೆ. ಸ್ವರ ಚೆನ್ನಾಗೇ ಶುರುವಾಗುತ್ತೆ, ಐದು ಸೆಕೆಂಡ್ ದಾಟಿದ ಮೇಲೆ ‘ಟಪ್’ ಅನ್ನುತ್ತೆ. ಹಳೇ ಫೈಲ್‌ನಲ್ಲಿ ಈ ತೊಂದರೆ ಇಲ್ಲ. ಎಸ್‌ಎಫ್‌ಝಡ್ ಬರೀ ಟೆಕ್ಸ್ಟ್ ತಾನೇ, ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದೆ. ಲೂಪ್ ಎಂಡ್ (ಕೀ ಹಿಡಿದಿದ್ದಾಗ ಮತ್ತೆ ಮತ್ತೆ ಸುತ್ತೋ ಭಾಗ ಮುಗಿಯೋ ಸ್ಯಾಂಪಲ್ ಸಂಖ್ಯೆ) 240000 ಅಂತಲೇ ಇದೆ, ಅಂದರೆ ಸೆಕೆಂಡಿಗೆ 48000 ಸ್ಯಾಂಪಲ್ ಲೆಕ್ಕದಲ್ಲಿ ಸರಿಯಾಗಿ 5 ಸೆಕೆಂಡ್. ಆದರೆ ಪಕ್ಕದ ಫೋಲ್ಡರ್‌ನಲ್ಲಿರೋ ವೇವ್ ಫೈಲ್‌ಗಳು 44.1 ಕಿಲೋಹರ್ಟ್ಸ್‌ಗೆ ಇಳಿದಿವೆ! ಆ ಲೆಕ್ಕಕ್ಕೆ 220500 ಆಗಬೇಕಿತ್ತಲ್ವಾ? ಸೆಟ್ಟಿಂಗ್ಸ್‌ನಲ್ಲಿ ನಾನೇ ಏನೋ ಒತ್ತಿರಬೇಕು.

ಸ್ಯಾಂಪಲ್ ರೇಟ್ ಬದಲಾಯಿಸದೆ ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ಸಾಕಾ, ಅಥವಾ ವೇವ್ ಒಳಗೆ ಕೂತಿರೋ ಲೂಪ್ ಮಾಹಿತಿಯನ್ನೂ ತಿದ್ದಬೇಕಾ? ಇನ್ನೊಂದು, 16 ಬಿಟ್‌ಗೆ ಇಳಿಸಿದರೆ ರೀಡಿನ ಆ ಸಣ್ಣ ಗಾಳಿಸದ್ದು ಉಳಿಯುತ್ತಾ? ಅದು ಹೋದರೆ ಅಪ್ಪ ಒಪ್ಪಲ್ಲ. ಮಾಡಿ ಗೊತ್ತಿರೋರು ನಿಮ್ಮ ಎಕ್ಸ್‌ಪೋರ್ಟ್ ಪರದೆಯ ಒಂದು ಸ್ಕ್ರೀನ್‌ಶಾಟ್ ಹಾಕಿ, ಪ್ಲೀಸ್.